ಹೆಬ್ಬೆರಳೋ ಮಣಿಕಟ್ಟೋ: ಸ್ನೋಮೊಬೈಲ್‌ಗೆ ಯಾವ ಥ್ರಾಟಲ್?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಅಮೆರಿಕದ ಮಿನೆಸೋಟ ರಾಜ್ಯದ ಉತ್ತರ ಭಾಗದ ಒಂದು ಬಾಡಿಗೆ ಅಂಗಳದಲ್ಲಿ ನಾವು ಆರು ಜನ ಕನ್ನಡಿಗರು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದೆವು. ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಓಡಿಸುವುದನ್ನು ಹೇಳಿಕೊಡಲು ಬಂದ ಹಿರಿಯರು ಎಲ್ಲಕ್ಕಿಂತ ಮೊದಲು ಮಾಡಿಸಿದ್ದು ಒಂದೇ ಕೆಲಸ. ಬಲಗೈ ಗ್ರಿಪ್ಪಿನ ಬಳಿ ಇದ್ದ, ವೇಗ ಏರಿಸುವ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಮೂರು ಸಲ ಒತ್ತಿ ಬಿಡಿಸಿದರು. ಬಿಟ್ಟ ಕೂಡಲೇ ಅದು ಟಕ್ಕನೆ ತನ್ನ ಜಾಗಕ್ಕೆ ಮರಳುತ್ತದೆಯೇ ಎಂದು ಕಿವಿಗೊಟ್ಟು ಕೇಳಲು ಹೇಳಿದರು. ಇಪ್ಪತ್ತು ವರ್ಷ ಬುಲೆಟ್ ಓಡಿಸಿರುವ ಹಾಸನದ ಗೆಳೆಯನ ಮಣಿಕಟ್ಟು ಮಾತ್ರ ಅಭ್ಯಾಸಬಲದಿಂದ ಗ್ರಿಪ್ಪನ್ನೇ ತನ್ನ ಕಡೆಗೆ ತಿರುಗಿಸಲು ಹೋಯಿತು. ಗ್ರಿಪ್ ಅಲುಗಾಡಲಿಲ್ಲ. ‘ಅಣ್ಣ, ನಮ್ಮ ಗಾಡಿ ಥರ ತಿರುಗಿಸೋದನ್ನೇ ಕೊಟ್ಟಿದ್ದರೆ ಇವರ ಗಂಟೇನು ಹೋಗ್ತಿತ್ತು?’ ಎಂದು ಅವನು ನನ್ನ ಕಡೆ ತಿರುಗಿ ಕೇಳಿದ.

ಪ್ರಶ್ನೆ ಸರಿಯಾಗಿಯೇ ಇತ್ತು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರು ಚಳಿಗಾಲದಲ್ಲಿ ಈ ವಾಹನವನ್ನು ಬಾಡಿಗೆಗೆ ಪಡೆಯುತ್ತಾರೆ, ಕೆಲವರು ಸ್ವಂತಕ್ಕೆ ಕೊಳ್ಳುತ್ತಾರೆ. ಕರ್ನಾಟಕದಿಂದ ಕಾಶ್ಮೀರದ ಗುಲ್ಮಾರ್ಗ್‌ಗೋ ಹಿಮಾಚಲದ ಸೋಲಾಂಗ್‌ಗೋ ಹೋದವರು ಇದನ್ನು ‘ಸ್ನೋ ಸ್ಕೂಟರ್’ ಎಂಬ ಹೆಸರಿನಲ್ಲಿ ನೋಡಿರುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಕಣಿವೆಯೂ ಚಳಿಗಾಲದ ಪ್ರವಾಸಕ್ಕೆ ಎಟುಕುವಂತಾಗಿದೆ. ಒಂದು ದಿನದ ಬಾಡಿಗೆಗಾದರೆ ಕೊಟ್ಟ ಗಾಡಿಯನ್ನು ಓಡಿಸಿ ಬರಬಹುದು. ಆದರೆ ಸ್ವಂತ ಗಾಡಿ ಕೊಂಡು, ಎರಡನೇ ದಿನವೇ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಗಿ, ತಿರುಗಿಸುವ ಥ್ರಾಟಲ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟಾಗ, ಆ ಬದಲಾವಣೆಯಿಂದ ಬರುವುದೇನು ಹೋಗುವುದೇನು ಎಂಬುದನ್ನು ಬುಡದಿಂದ ತಿಳಿದಿರುವುದು ಅಗತ್ಯವಾಗುತ್ತದೆ.

ಥ್ರಾಟಲ್ ಎಂದರೆ ಎಂಜಿನ್ನಿನ ತೂಬು

ನಾವು ಆಡುಮಾತಿನಲ್ಲಿ ಆಕ್ಸಿಲರೇಟರ್ ಎನ್ನುವುದು, ‘ರೇಸ್ ಕೊಡು’ ಎನ್ನುವುದು ಇದಕ್ಕೇ. ಪೆಟ್ರೋಲ್ ಎಂಜಿನ್ ಎಷ್ಟು ಶಕ್ತಿ ಕೊಡಬೇಕು ಎಂಬುದು ಅದರೊಳಗೆ ಎಷ್ಟು ಗಾಳಿ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಗಾಳಿಯ ಪ್ರಮಾಣಕ್ಕೆ ತಕ್ಕಂತೆ ಇಂಧನ ಬೆರೆಯುತ್ತದೆ. ಗಾಳಿ ಹೋಗುವ ದಾರಿಯಲ್ಲಿರುವ ಬಾಗಿಲೇ ಥ್ರಾಟಲ್. ಕೆರೆಯ ತೂಬನ್ನು ಎಷ್ಟು ಎತ್ತಿದರೆ ಕಾಲುವೆಗೆ ಅಷ್ಟು ನೀರು ಹರಿಯುವಂತೆ, ಈ ಬಾಗಿಲು ಎಷ್ಟು ತೆರೆದರೆ ಎಂಜಿನ್ನಿಗೆ ಅಷ್ಟು ಗಾಳಿ. ಹಳೆಯ ಕಾರ್ಬ್ಯುರೇಟರ್‌ಗಳಲ್ಲಿ ಈ ಹೋಲಿಕೆ ಅಕ್ಷರಶಃ ನಿಜ: ಅಲ್ಲಿ ಒಂದು ಕೊಳವೆಯಾಕಾರದ ಸ್ಲೈಡ್ ಮೇಲಕ್ಕೆ ಎದ್ದು ದಾರಿ ಬಿಡುತ್ತದೆ, ಕೆಳಗಿಳಿದು ದಾರಿ ಮುಚ್ಚುತ್ತದೆ.

ಆ ತೂಬಿಗೂ ಸವಾರನ ಕೈಗೂ ನಡುವೆ ಇರುವುದು ಒಂದು ಕೇಬಲ್. ಅಂದರೆ ಗಟ್ಟಿ ಹೊದಿಕೆಯೊಳಗೆ ಜಾರುವ ಉಕ್ಕಿನ ತಂತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೈ ತಂತಿಯನ್ನು ಎಳೆಯುತ್ತದೆ, ತಂತಿ ಸ್ಲೈಡನ್ನು ಎತ್ತುತ್ತದೆ, ಕೈ ಸಡಿಲವಾದಾಗ ಸ್ಪ್ರಿಂಗ್ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಇದರಲ್ಲಿ ಅತ್ಯಂತ ಮುಖ್ಯವಾದುದು ಕೊನೆಯ ಹಂತ. ಏನೇ ಆದರೂ, ಕೈ ಬಿಟ್ಟೊಡನೆ ಥ್ರಾಟಲ್ ತಾನಾಗಿ ಮುಚ್ಚಬೇಕು. ಆ ಬೆಳಿಗ್ಗೆ ನಮ್ಮಿಂದ ಮೂರು ಸಲ ಒತ್ತಿ ಬಿಡಿಸಿದ್ದು ಈ ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೆ.

ತಿರುಗಿಸುವುದು ಮತ್ತು ಒತ್ತುವುದು

ಟ್ವಿಸ್ಟ್ ಥ್ರಾಟಲ್‌ನಲ್ಲಿ ಬಲಗೈ ಹಿಡಿದಿರುವ ಗ್ರಿಪ್ಪೇ ಹ್ಯಾಂಡಲ್ ಕೊಳವೆಯ ಸುತ್ತ ತಿರುಗುತ್ತದೆ. ಮಣಿಕಟ್ಟನ್ನು ಕೆಳಗಿಳಿಸಿ ಗ್ರಿಪ್ಪನ್ನು ತನ್ನ ಕಡೆಗೆ ತಿರುಗಿಸಿದರೆ ವೇಗ ಏರುತ್ತದೆ. ನಮ್ಮ ಬೈಕು, ಸ್ಕೂಟರ್, ಆಟೊಗಳಲ್ಲೆಲ್ಲ ಇರುವುದು ಇದೇ. ಥಂಬ್ ಥ್ರಾಟಲ್‌ನಲ್ಲಿ ಗ್ರಿಪ್ ಹ್ಯಾಂಡಲ್‌ಗೆ ಬಿಗಿಯಾಗಿ ಅಂಟಿರುತ್ತದೆ. ಅದರ ಒಳತುದಿಯಲ್ಲಿ, ಸವಾರನ ಕಡೆಗೆ ಚಾಚಿಕೊಂಡಿರುವ ಲಿವರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ವೇಗ ಏರುತ್ತದೆ, ಉಳಿದ ನಾಲ್ಕು ಬೆರಳು ಮತ್ತು ಅಂಗೈ ಗ್ರಿಪ್ಪನ್ನು ಹಿಡಿದೇ ಇರುತ್ತವೆ. ನಮ್ಮಲ್ಲಿ ಈಚೆಗೆ ಮಾರಾಟವಾಗುತ್ತಿರುವ ಬ್ಯಾಟರಿ ಸೈಕಲ್‌ಗಳಲ್ಲಿ ಈ ಎರಡೂ ಬಗೆ ಕಾಣಸಿಗುತ್ತವೆ.

ಅಡುಗೆಮನೆಯ ಚಕ್ಕುಲಿ ಒರಳನ್ನು ನೆನೆಸಿಕೊಂಡರೆ ವ್ಯತ್ಯಾಸ ಬೇಗ ಹಿಡಿತಕ್ಕೆ ಸಿಗುತ್ತದೆ. ಮೇಲಿನ ಹಿಡಿಯನ್ನು ತಿರುಗಿಸುವ ಒರಳಿನಲ್ಲಿ ಹಿಟ್ಟು ಸಮನಾಗಿ, ನಿಧಾನವಾಗಿ ಇಳಿಯುತ್ತದೆ, ಕೈಗೆ ಶ್ರಮವೂ ಕಡಿಮೆ. ಆದರೆ ತಿರುಗಿಸುವ ಕೈಗೆ ಒರಳನ್ನು ಹಿಡಿದುಕೊಳ್ಳಲು ಆಗುವುದಿಲ್ಲ, ಅದಕ್ಕೆ ಇನ್ನೊಂದು ಕೈ ಬೇಕು. ಒತ್ತುವ ಒರಳಿನಲ್ಲಿ ಹಿಡಿಯುವುದೂ ಒತ್ತುವುದೂ ಒಟ್ಟಿಗೇ ನಡೆಯುತ್ತವೆ, ನಾಲ್ಕು ಚಕ್ಕುಲಿ ಆಗುವಷ್ಟರಲ್ಲಿ ಮಾತ್ರ ಕೈ ಸೋಲುತ್ತದೆ. ಎರಡು ಥ್ರಾಟಲ್‌ಗಳ ಗುಣಾವಗುಣವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಸ್ನೋಮೊಬೈಲ್‌ನಲ್ಲಿ ಒತ್ತುವ ಬಗೆಯೇ ರೂಢಿಗೆ ಬಂದದ್ದು ಏಕೆಂದರೆ ಅಲ್ಲಿ ಹಿಡಿಯುವ ಕೆಲಸ ಬೈಕಿನಲ್ಲಿ ಇರುವುದಕ್ಕಿಂತ ಬಹಳ ದೊಡ್ಡದು.

ಬೈಕಿನಂತೆ ಕಂಡರೂ ಬೈಕಲ್ಲ

ಸ್ನೋಮೊಬೈಲ್‌ನ ಮುಂದೆ ಎರಡು ಹಿಮಪಾದುಕೆಗಳಂಥ ಸ್ಕೀಗಳಿರುತ್ತವೆ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಿ ಬುಲ್ಡೋಜರಿನ ಸರಪಳಿಯಂತೆ ಸುತ್ತುತ್ತ ಗಾಡಿಯನ್ನು ನೂಕುತ್ತದೆ. ಈ ವಾಹನದ ಚರಿತ್ರೆಯಲ್ಲಿ ಥ್ರಾಟಲ್ ಕಾಲಿನಿಂದ ಕೈಗೆ ಬಂದ ಬಗೆ ಕುತೂಹಲಕರ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಮಾರಾಟಕ್ಕೆ ತಂದ ಬಿ7 ಎಂಬ ಹಿಮವಾಹನ ಏಳು ಜನ ಕೂರುವ ಮುಚ್ಚಿದ ಬಂಡಿಯಾಗಿತ್ತು. ಅದಕ್ಕೆ ಕಾರಿನಂತೆ ಸ್ಟೀರಿಂಗ್ ಚಕ್ರವಿತ್ತು. ಮೂರು ವರ್ಷ ಮೊದಲು, 1934ರ ಚಳಿಗಾಲದಲ್ಲಿ, ಹಿಮದಿಂದ ರಸ್ತೆ ಮುಚ್ಚಿಹೋಗಿ ಅವರ ಎರಡು ವರ್ಷದ ಮಗನನ್ನು ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತ್ತು. ಬೊಂಬಾರ್ಡಿಯೆ ಅವರ ಕಂಪನಿಯೇ 1959ರಲ್ಲಿ ‘ಸ್ಕಿ-ಡೂ’ ಎಂಬ ಹಗುರವಾದ ತೆರೆದ ವಾಹನವನ್ನು ಹೊರತಂದಿತು. ಒಬ್ಬಿಬ್ಬರು ಕಾಲು ಇಳಿಬಿಟ್ಟು ಕೂರುವ ಇಂಥ ಗಾಡಿಯಲ್ಲಿ ಪೆಡಲ್‌ಗೆ ಜಾಗವಿಲ್ಲ. ಎಲ್ಲ ಹತೋಟಿಯೂ ಹ್ಯಾಂಡಲ್ ಮೇಲಕ್ಕೆ ಬರಬೇಕಾಯಿತು.

ಇವತ್ತಿನ ಸ್ನೋಮೊಬೈಲ್‌ನಲ್ಲಿ ಸವಾರನ ಎರಡು ಪಾದಗಳು ಪಕ್ಕದ ಉದ್ದನೆಯ ಹಲಗೆಗಳ ಮೇಲೆ ನಿಂತಿರುತ್ತವೆ. ಕಾಲಿಗೆ ಬ್ರೇಕಿಲ್ಲ, ಗೇರಿಲ್ಲ. ಎಡಗೈಯಲ್ಲಿ ಬ್ರೇಕ್ ಲಿವರ್, ಬಲಗೈಯಲ್ಲಿ ಥ್ರಾಟಲ್, ಅಷ್ಟೇ. ನಮ್ಮ ಆಕ್ಟಿವಾದಂಥ ಗೇರಿಲ್ಲದ ಸ್ಕೂಟರ್‌ನಲ್ಲಿರುವಂತೆ ಇಲ್ಲಿಯೂ ಬೆಲ್ಟ್ ಮತ್ತು ಎರಡು ಕ್ಲಚ್ ತಟ್ಟೆಗಳ ಜೋಡಣೆ ತಾನೇ ಗೇರಿನ ಕೆಲಸ ಮಾಡುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಬೆಲ್ಟ್ ಸಡಿಲವಾಗಿರುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ನಿಮಿಷಕ್ಕೆ ಸುಮಾರು 3,000ದಿಂದ 4,000 ಸುತ್ತು ಮುಟ್ಟಿದಾಗ ತಟ್ಟೆಗಳು ಬೆಲ್ಟನ್ನು ಅಪ್ಪಿ ಹಿಡಿದು ಗಾಡಿ ಹೊರಡುತ್ತದೆ. ಅಂದರೆ ಥ್ರಾಟಲ್‌ನ ಮೊದಲ ಸ್ವಲ್ಪ ಚಲನೆಯಲ್ಲಿ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆತ ಬರುತ್ತದೆ. ದೊಡ್ಡ ಮಾದರಿಗಳಲ್ಲಿ 850 ಸಿಸಿಯ ಎಂಜಿನ್, 150ಕ್ಕೂ ಹೆಚ್ಚು ಅಶ್ವಶಕ್ತಿ ಇರುತ್ತದೆ. ನಮ್ಮ ಸಾಮಾನ್ಯ ಸಣ್ಣ ಕಾರುಗಳ ಎರಡರಷ್ಟು ಶಕ್ತಿ, ಕಾರಿನ ಕಾಲು ಭಾಗದಷ್ಟು ತೂಕದ ಮೇಲೆ. ಆ ಎಳೆತಕ್ಕೆ ಮೈಯನ್ನು ಒಡ್ಡಿಕೊಂಡ ಸವಾರನಿಗೆ ಆನಿಕೊಳ್ಳಲು ಇರುವುದು ಹ್ಯಾಂಡಲ್ ಒಂದೇ.

ಬೈಕಿನಲ್ಲಿ ತೊಡೆಗಳ ನಡುವೆ ಟ್ಯಾಂಕನ್ನು ಅವುಚಿ ಕೂತರೆ ಕೈ ಹಗುರವಾಗಿರಬಹುದು, ಚೆನ್ನಾಗಿ ಕಲಿತವರು ಹಾಗೆಯೇ ಕೂರುತ್ತಾರೆ. ಸ್ನೋಮೊಬೈಲ್ ಸವಾರ ಒಂದೆಡೆ ಕೂತಿರುವುದಿಲ್ಲ. ತಿರುವಿನಲ್ಲಿ ಒಳಗಿನ ಹಲಗೆಯ ಮೇಲೆ ಇಡೀ ಭಾರ ಹಾಕಿ ತಿರುವಿನ ಒಳಕ್ಕೆ ವಾಲುತ್ತಾನೆ, ಹಿಮದ ದಿಬ್ಬಗಳ ಮೇಲೆ ಎದ್ದು ನಿಲ್ಲುತ್ತಾನೆ, ಏರಿನಲ್ಲಿ ಮುಂದಕ್ಕೆ ಬಾಗುತ್ತಾನೆ. ಪ್ರತಿ ಸಲವೂ ಗ್ರಿಪ್ಪಿನ ಮೇಲೆ ಅವನ ಮೈಭಾರ ಬೀಳುತ್ತದೆ, ಪ್ರತಿ ಸಲವೂ ಮಣಿಕಟ್ಟಿನ ಕೋನ ಬದಲಾಗುತ್ತದೆ.

ಹಿಡಿತವೂ ವೇಗವೂ ಒಂದೇ ಕೈಯಲ್ಲಿ ಬಿದ್ದಾಗ

ಆಯ್ಕೆಯ ಪ್ರಶ್ನೆಯ ತಿರುಳು ಇಲ್ಲಿದೆ. ಗಾಡಿ ಥಟ್ಟನೆ ಮುಂದಕ್ಕೆ ನುಗ್ಗಿದಾಗ ಸವಾರನ ಮೈ ಹಿಂದಕ್ಕೆ ಹೋಗುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಮೈ ಹಿಂದೆ ಹೋದಾಗ ತೋಳು ನೀಳವಾಗಿ, ಮಣಿಕಟ್ಟು ಕೆಳಗಿಳಿಯುತ್ತದೆ. ಟ್ವಿಸ್ಟ್ ಥ್ರಾಟಲ್‌ನಲ್ಲಿ ಮಣಿಕಟ್ಟು ಇಳಿಯುವುದೆಂದರೆ ಇನ್ನಷ್ಟು ರೇಸ್ ಕೊಟ್ಟಂತೆ. ಇನ್ನಷ್ಟು ರೇಸ್ ಎಂದರೆ ಗಾಡಿ ಇನ್ನಷ್ಟು ನುಗ್ಗುತ್ತದೆ, ಮೈ ಇನ್ನಷ್ಟು ಹಿಂದೆ ಹೋಗುತ್ತದೆ. ಬೀಳದಿರಲೆಂದು ಸವಾರ ಗ್ರಿಪ್ಪನ್ನು ಎಷ್ಟು ಬಿಗಿಯಾಗಿ ಜಗ್ಗುತ್ತಾನೋ ಅಷ್ಟೂ ಥ್ರಾಟಲ್ ತೆರೆದುಕೊಳ್ಳುತ್ತದೆ. ಹೊಸದಾಗಿ ಬೈಕ್ ಕಲಿಯುವವರು ಕ್ಲಚ್ ಬಿಟ್ಟ ಕೂಡಲೇ ಎದುರಿನ ಗೋಡೆಗೆ ಹೋಗಿ ಗುದ್ದುವುದು ಈ ಸುಳಿಯಲ್ಲಿ ಸಿಕ್ಕಿಯೇ. ಬೈಕ್ ಸವಾರರ ಮಾತಿನಲ್ಲಿ ಇದಕ್ಕೆ ‘ವಿಸ್ಕಿ ಥ್ರಾಟಲ್’ ಎಂಬ ಹೆಸರಿದೆ.

ಥಂಬ್ ಥ್ರಾಟಲ್‌ನಲ್ಲಿ ಅದೇ ನೂಕುಬಲ ಉಲ್ಟಾ ಕೆಲಸ ಮಾಡುತ್ತದೆ. ಲಿವರನ್ನು ಒತ್ತಬೇಕಾದದ್ದು ಮುಂದಕ್ಕೆ, ಮೈ ಹೋಗುತ್ತಿರುವುದು ಹಿಂದಕ್ಕೆ. ಗಾಡಿ ಮುನ್ನುಗ್ಗಿದಾಗ ಕೈ ಹಿಂದೆ ಸೆಳೆಯಲ್ಪಟ್ಟು ಹೆಬ್ಬೆರಳು ಲಿವರಿನಿಂದ ಸಡಿಲವಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಒಂದರಲ್ಲಿ ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ, ಇನ್ನೊಂದರಲ್ಲಿ ತಪ್ಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ನನ್ನ ತಿಳಿವಳಿಕೆಯಲ್ಲಿ ಥಂಬ್ ಥ್ರಾಟಲ್‌ನ ಪರವಾಗಿ ಇರುವ ಅತಿ ಬಲವಾದ ವಾದ ಇದು. ಉಳಿದವೆಲ್ಲ ಇದರ ನಂತರದವು.

ಅಮೆರಿಕದ ಪಶ್ಚಿಮದ ರಾಕಿ ಪರ್ವತಗಳಲ್ಲಿ ಓಡಿಸುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಸೊಂಟದಾಳದ ಹಿಟ್ಟಿನಂಥ ಹಿಮದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಾಗಬೇಕಾದಾಗ ಗಾಡಿಯನ್ನು ಬೆಟ್ಟದ ಕಡೆಗೆ ಓರೆಯಾಗಿ ಮಲಗಿಸಿ, ಒಂದೇ ಹಲಗೆಯ ಮೇಲೆ ನಿಂತು, ಒಮ್ಮೊಮ್ಮೆ ಒಂದು ಕೈಯಿಂದ ಹ್ಯಾಂಡಲ್ ನಡುವಿನ ಪಟ್ಟಿಯನ್ನು ಹಿಡಿದು ಸಾಗಿಸಬೇಕು. ಹ್ಯಾಂಡಲ್ ಪೂರ್ತಿ ಓರೆಯಾಗಿರುವ ಆ ಭಂಗಿಯಲ್ಲಿ ಮಣಿಕಟ್ಟು ಯಾವ ಕೋನದಲ್ಲಿ ಇರುತ್ತದೆಂದು ಸವಾರನಿಗೇ ಮೊದಲು ತಿಳಿದಿರುವುದಿಲ್ಲ. ವೇಗವು ಮಣಿಕಟ್ಟಿಗೆ ಕಟ್ಟುಬಿದ್ದಿದ್ದರೆ ಭಂಗಿ ಬದಲಾದಾಗಲೆಲ್ಲ ವೇಗವೂ ಬದಲಾಗುತ್ತದೆ. ಹೆಬ್ಬೆರಳು ಮಾತ್ರ ಮಣಿಕಟ್ಟು ಹೇಗೇ ತಿರುಗಿದ್ದರೂ ತನ್ನ ಕೆಲಸವನ್ನು ಬೇರೆಯಾಗಿ ಮಾಡಬಲ್ಲದು.

ಹಾಗೆಂದು ಥಂಬ್ ಥ್ರಾಟಲ್‌ಗೆ ತನ್ನದೇ ಅಪಾಯವಿಲ್ಲ ಎನ್ನುವಂತಿಲ್ಲ. ಗಾಡಿ ಒಮ್ಮೆಲೇ ನಿಧಾನವಾದಾಗ ಮೈ ಮುಂದಕ್ಕೆ ಬೀಳುತ್ತದೆ, ಆಗ ಲಿವರಿನ ಮೇಲಿರುವ ಹೆಬ್ಬೆರಳು ಅದನ್ನು ಒತ್ತಿಬಿಡಬಹುದು. ಅಲ್ಲದೆ ಹೆದರಿದ ಮನುಷ್ಯ ಮುಷ್ಟಿ ಬಿಗಿಯುತ್ತಾನೆ, ಮುಷ್ಟಿ ಬಿಗಿದಾಗ ಹೆಬ್ಬೆರಳೂ ಅದರ ಜೊತೆ ಬಿಗಿಯುತ್ತದೆ. ಹೊಸಬರು ಮರ ಎದುರಾದಾಗ ಎಡಗೈಯಲ್ಲಿ ಬ್ರೇಕನ್ನೂ ಬಲಗೈಯಲ್ಲಿ ಥ್ರಾಟಲನ್ನೂ ಒಟ್ಟಿಗೆ ಅಮುಕುವುದು ಹೀಗೆಯೇ. ಅದಕ್ಕಾಗಿಯೇ ಬ್ರೇಕ್ ಹಿಡಿಯುವ ಮುಂಚೆ ಹೆಬ್ಬೆರಳನ್ನು ಲಿವರಿನಿಂದ ಪೂರ್ತಿ ತೆಗೆದು ಗ್ರಿಪ್ಪಿನ ಸುತ್ತ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಹೆಬ್ಬೆರಳಿನ ಕಷ್ಟ

ಟ್ವಿಸ್ಟ್ ಥ್ರಾಟಲ್ ಕೇಳುವವರ ದೂರು ಸುಳ್ಳಲ್ಲ. ಗ್ರಿಪ್ ತಿರುಗಿಸುವಾಗ ಇಡೀ ಮುಂದೋಳಿನ ಸ್ನಾಯುಗಳು ಕೆಲಸ ಹಂಚಿಕೊಳ್ಳುತ್ತವೆ. ಲಿವರ್ ಒತ್ತುವಾಗ ಹೆಬ್ಬೆರಳ ಬುಡದ ಆ ಒಂದು ಮಾಂಸದ ಉಬ್ಬು ಬಹುತೇಕ ಎಲ್ಲ ಹೊರೆಯನ್ನೂ ಹೊರಬೇಕು. ಕಾಡುದಾರಿಯಲ್ಲಿ ದಿನಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಸಾಗುವುದು ಅಲ್ಲಿ ಅಪರೂಪವೇನಲ್ಲ; ಅಷ್ಟು ಹೊತ್ತೂ ಸ್ಪ್ರಿಂಗಿನ ಎದುರು ಲಿವರನ್ನು ಅರ್ಧಕ್ಕೆ ಒತ್ತಿ ಹಿಡಿದಿರಬೇಕು. ಹಾಸನದ ಗೆಳೆಯ ಮಧ್ಯಾಹ್ನ ಊಟಕ್ಕೆ ಇಳಿದಾಗ ಚಮಚ ಹಿಡಿಯಲು ತಡವರಿಸುತ್ತಿದ್ದುದನ್ನು ನಾನು ನೋಡಿದೆ. ಹೆಬ್ಬೆರಳು ಮಡಿಸಿದರೆ ಬಿಚ್ಚಲು ಬರುತ್ತಿರಲಿಲ್ಲ. ಹೆಬ್ಬೆರಳ ಬುಡದ ಕೀಲಿನಲ್ಲಿ ಸಂಧಿವಾತ ಇರುವವರಿಗೆ ಇದು ಬರೀ ದಣಿವಲ್ಲ, ನೋವು. ಹೆಬ್ಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಸ್ನಾಯುರಜ್ಜುಗಳ ಹೊದಿಕೆ ಊದಿಕೊಂಡು ನೋವಾಗುವ ಒಂದು ತೊಂದರೆಯೂ ಇದೆ; 1895ರಲ್ಲಿ ಅದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೆನ್ ಅವರ ಹೆಸರಿನಿಂದಲೇ ವೈದ್ಯರು ಅದನ್ನು ಕರೆಯುತ್ತಾರೆ. ಅಂಥವರು ಮೊದಲು ಕೇಳಬೇಕಾದದ್ದು ವೈದ್ಯರನ್ನು, ಗ್ಯಾರೇಜನ್ನಲ್ಲ.

ಎರಡನೆಯದು ಚಳಿ. ಮುಷ್ಟಿಯಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಬೆಚ್ಚಗಿರುತ್ತವೆ, ಲಿವರಿನ ಮೇಲೆ ಚಾಚಿದ ಹೆಬ್ಬೆರಳು ಮನೆಯಿಂದ ಹೊರಗೆ ಮಲಗಿದಂತೆ ಒಂಟಿಯಾಗಿರುತ್ತದೆ. ಗಾಳಿಯ ತಾಪ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇದ್ದು ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಬಡಿಯುತ್ತಿದ್ದರೆ, ಕೆನಡಾ ಮತ್ತು ಅಮೆರಿಕಗಳು ಬಳಸುವ ಸೂತ್ರದ ಪ್ರಕಾರ ಬರಿಯ ಚರ್ಮಕ್ಕೆ ಅದು ಸುಮಾರು ಮೈನಸ್ 36 ಡಿಗ್ರಿಯ ಚಳಿಯಂತೆ ತಾಗುತ್ತದೆ. ಈ ಕಾರಣಕ್ಕೆ ಎರಡೂ ಗ್ರಿಪ್‌ಗಳಲ್ಲಿ ಇರುವ ವಿದ್ಯುತ್ ಹೀಟರ್ ಜೊತೆಗೆ ಥ್ರಾಟಲ್ ಲಿವರಿಗೂ ಒಂದು ಪುಟ್ಟ ಹೀಟರ್ ಕೊಟ್ಟಿರುತ್ತಾರೆ. ಥಂಬ್ ಥ್ರಾಟಲ್‌ಗೆ ಇಲ್ಲಿ ಒಂದು ಅನುಕೂಲವೂ ಉಂಟು. ತೀರ ಚಳಿಯಲ್ಲಿ ತೊಡುವ ಮಿಟನ್ ಎಂಬ ಕೈಚೀಲದಲ್ಲಿ ನಾಲ್ಕು ಬೆರಳಿಗೆ ಒಂದೇ ಅರೆ, ಹೆಬ್ಬೆರಳಿಗೆ ಮಾತ್ರ ಬೇರೆ ಅರೆ. ಅದನ್ನು ತೊಟ್ಟೂ ಲಿವರನ್ನು ಸಲೀಸಾಗಿ ಒತ್ತಬಹುದು. ದಪ್ಪ ಮಿಟನ್ ತೊಟ್ಟು ಗ್ರಿಪ್ ತಿರುಗಿಸಲು ಹೋದರೆ ಬಟ್ಟೆ ಜಾರುತ್ತದೆ, ಮತ್ತೆ ಮತ್ತೆ ಹಿಡಿತ ಬದಲಿಸಬೇಕಾಗುತ್ತದೆ.

ಬದಲಾಯಿಸುವ ಮುಂಚೆ ನೋಡಬೇಕಾದದ್ದು

ಹೆಬ್ಬೆರಳು ನೋಯುತ್ತಿದೆ ಎಂದ ಮಾತ್ರಕ್ಕೆ ಥ್ರಾಟಲ್ ಬಗೆಯೇ ತಪ್ಪು ಎಂದಾಗುವುದಿಲ್ಲ. ಎಷ್ಟೋ ಸಲ ದೋಷ ಇರುವುದು ಕೇಬಲ್‌ನಲ್ಲಿ. ಹೊದಿಕೆಯೊಳಗೆ ಕೊಳೆ ಸೇರಿದ, ತುಕ್ಕು ಹಿಡಿದ ಅಥವಾ ಎಲ್ಲೋ ಚೂಪಾಗಿ ಮಡಿಕೆ ಬಿದ್ದ ಕೇಬಲ್ ಲಿವರನ್ನು ಬೇಕಾದದ್ದಕ್ಕಿಂತ ಬಹಳ ಬಿಗಿ ಮಾಡುತ್ತದೆ. ಅದನ್ನು ಬದಲಿಸಿದರೆ ಅಥವಾ ತಯಾರಕರು ಹೇಳಿದ ಎಣ್ಣೆ ಬಿಟ್ಟರೆ ಒಮ್ಮೊಮ್ಮೆ ದೂರೇ ಇಲ್ಲವಾಗುತ್ತದೆ. ಲಿವರ್ ಕೂಡಿಸಿದ ಭಾಗದ ಸ್ಕ್ರೂ ಸಡಿಲಿಸಿ, ಹೆಬ್ಬೆರಳು ಸಹಜವಾಗಿ ಚಾಚಿದಾಗ ಎಲ್ಲಿ ಬರುತ್ತದೋ ಆ ಎತ್ತರಕ್ಕೆ ಅದನ್ನು ಹೊರಳಿಸಿ ಬಿಗಿಯಬಹುದು. ಹ್ಯಾಂಡಲ್‌ನ ಎತ್ತರವನ್ನು ನಿಂತೂ ಕೂತೂ ಓಡಿಸುವ ನಮ್ಮ ಮೈಕಟ್ಟಿಗೆ ಹೊಂದಿಸಬಹುದು. ಬೆರಳ ತುದಿಯಿಂದ ಒತ್ತುವ ಬದಲು ಹೆಬ್ಬೆರಳ ಮೊದಲ ಗೆಣ್ಣಿನ ಹತ್ತಿರದ ಭಾಗವನ್ನು ಲಿವರಿಗೆ ಕೊಟ್ಟು ಒತ್ತುವುದನ್ನು ರೂಢಿಸಿಕೊಂಡರೆ ಶ್ರಮ ಕಡಿಮೆಯಾಗುತ್ತದೆ.

ಒತ್ತುವುದು, ತಿರುಗಿಸುವುದು ಇವೆರಡರ ನಡುವೆ ಮೂರನೆಯ ದಾರಿಯೂ ಒಂದಿದೆ: ಬೆರಳಿನಿಂದ ಎಳೆಯುವ ಲಿವರ್. ಸ್ಕಿ-ಡೂ ಗಾಡಿಗಳ ಪೈಕಿ ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕೆಲವು ಮಾದರಿಗಳಲ್ಲಿ ಅದೇ ಲಿವರನ್ನು ಹ್ಯಾಂಡಲ್‌ನ ಮುಂಭಾಗಕ್ಕೆ ತಿರುಗಿಸಿಕೊಳ್ಳಬಹುದು. ಆಗ ಹೆಬ್ಬೆರಳು ವಿಶ್ರಾಂತಿ ಪಡೆಯುತ್ತದೆ, ತೋರುಬೆರಳೋ ನಡುಬೆರಳೋ ಲಿವರನ್ನು ತನ್ನೆಡೆಗೆ ಎಳೆಯುತ್ತದೆ. ದೀರ್ಘ ಪಯಣದಲ್ಲಿ ಗಂಟೆಗೊಮ್ಮೆ ಹೀಗೆ ಬದಲಿಸಿಕೊಳ್ಳುವುದು ಒಳ್ಳೆಯ ಉಪಾಯ. ಆದರೆ ನಮ್ಮಂಥ ಬೈಕ್ ಸವಾರರು ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ನೆನಪಿಡಬೇಕು. ಬೈಕಿನಲ್ಲಿ ಬಲಗೈ ಬೆರಳುಗಳ ಮುಂದಿರುವ ಲಿವರ್ ಮುಂದಿನ ಚಕ್ರದ ಬ್ರೇಕು. ಗಾಬರಿಯಲ್ಲಿ ಕೈ ತಾನಾಗಿ ಹೋಗುವುದು ಅದರ ಮೇಲಕ್ಕೇ. ಸ್ನೋಮೊಬೈಲ್‌ನಲ್ಲಿ ಅದೇ ಜಾಗದಲ್ಲಿ ಥ್ರಾಟಲ್ ಇಟ್ಟುಕೊಂಡರೆ, ನಿಲ್ಲಿಸಲೆಂದು ಎಳೆದದ್ದೇ ಗಾಡಿಯನ್ನು ಪೂರ್ತಿ ವೇಗಕ್ಕೆ ದಬ್ಬುತ್ತದೆ. ಎಡಗೈ ಲಿವರಿನಲ್ಲಿ ಬ್ರೇಕ್ ಹಿಡಿದು ರೂಢಿಯಿರುವ ಆಕ್ಟಿವಾ ಸವಾರರಿಗೆ ಈ ಗಾಡಿಯ ಬ್ರೇಕು ಬೈಕಿನವರಿಗಿಂತ ಬೇಗ ಒಗ್ಗುತ್ತದೆ.

ಟ್ವಿಸ್ಟ್ ಹಾಕಿಸುವುದರೊಳಗಿನ ತೊಡಕು

ಅಷ್ಟಾದರೂ ಟ್ವಿಸ್ಟ್ ಥ್ರಾಟಲೇ ಬೇಕು ಎನ್ನುವವರು, ಅದು ಗ್ರಿಪ್ ಬದಲಿಸಿದಷ್ಟು ಸುಲಭದ ಕೆಲಸವಲ್ಲ ಎಂದು ತಿಳಿದಿರಬೇಕು. ಮೊದಲನೆಯದು ಕೇಬಲ್ ಎಳೆತದ ಉದ್ದ. 38 ಮಿಲಿಮೀಟರ್ ಬಾಯಿಯ ಕಾರ್ಬ್ಯುರೇಟರ್ ಪೂರ್ತಿ ತೆರೆಯಲು ಅದರ ಸ್ಲೈಡ್ ಹೆಚ್ಚುಕಡಿಮೆ ಅಷ್ಟೇ ಮೇಲೇಳಬೇಕು, ಅಂದರೆ ತಂತಿ ಸುಮಾರು 38 ಮಿಲಿಮೀಟರ್ ಚಲಿಸಬೇಕು. ತಿರುಗುವ ಗ್ರಿಪ್ಪಿನ ಬುಡದಲ್ಲಿ ತಂತಿ ಸುತ್ತುವ ಗಾಲಿಯ ತ್ರಿಜ್ಯ 20 ಮಿಲಿಮೀಟರ್ ಎಂದುಕೊಳ್ಳೋಣ. ಕಾಲು ಸುತ್ತು ತಿರುಗಿಸಿದರೆ ತಂತಿ ಸುಮಾರು 31 ಮಿಲಿಮೀಟರ್ ಮಾತ್ರ ಬರುತ್ತದೆ. ಪೂರ್ತಿ ತೆರೆಯಲು ಮಣಿಕಟ್ಟು ಇನ್ನೂ ತಿರುಗಬೇಕು ಅಥವಾ ನಡುವೆ ಹಿಡಿತ ಬದಲಿಸಬೇಕು. ದೊಡ್ಡ ಗಾಲಿ ಹಾಕಿದರೆ ಕಡಿಮೆ ತಿರುಗಿಸಿದರೆ ಸಾಕು, ಆದರೆ ಗ್ರಿಪ್ ಬಿಗಿಯಾಗುತ್ತದೆ, ಮಣಿಕಟ್ಟಿನ ಸಣ್ಣ ಕದಲಿಕೆಗೂ ಎಂಜಿನ್ ಹೆಚ್ಚು ಜಿಗಿಯುತ್ತದೆ. ಎಲ್ಲ ಗಾಡಿಗೂ ಸಲ್ಲುವ ಒಂದೇ ಕಿಟ್ ಎಂಬ ಮಾತನ್ನು ಈ ಲೆಕ್ಕ ಮಾಡದೆ ನಂಬಬಾರದು.

ಎರಡನೆಯದು ಹೆಚ್ಚು ಗಂಭೀರವಾದುದು. ಕಾರ್ಬ್ಯುರೇಟರ್ ಇರುವ ಎಷ್ಟೋ ಸ್ನೋಮೊಬೈಲ್‌ಗಳಲ್ಲಿ, ಪೊಲಾರಿಸ್ ಮತ್ತು ಆರ್ಕ್‌ಟಿಕ್ ಕ್ಯಾಟ್ ಗಾಡಿಗಳಲ್ಲಿ ಮುಖ್ಯವಾಗಿ, ಥಂಬ್ ಲಿವರ್ ಕೂಡಿಸಿರುವ ಡಬ್ಬಿಯೊಳಗೆ ಸಣ್ಣ ಸ್ವಿಚ್‌ಗಳಿರುತ್ತವೆ. ಸವಾರ ಹೆಬ್ಬೆರಳು ತೆಗೆದಿದ್ದಾನೆ, ಆದರೆ ಹಿಮ ಕಟ್ಟಿಯೋ ಕೇಬಲ್ ಸಿಕ್ಕಿಕೊಂಡೋ ಸ್ಲೈಡ್ ಕೆಳಗಿಳಿದಿಲ್ಲ ಎಂದುಕೊಳ್ಳೋಣ. ಆಗ ತಂತಿಯಲ್ಲಿ ಬಿಗಿತ ಇರುವುದಿಲ್ಲ. ಆ ಸಡಿಲವನ್ನು ಸ್ವಿಚ್ ಗುರುತಿಸಿ ಎಂಜಿನ್ನನ್ನೇ ಆರಿಸುತ್ತದೆ. ಲಿವರ್ ಡಬ್ಬಿಯನ್ನು ತೆಗೆದು ಟ್ವಿಸ್ಟ್ ಕೂಡಿಸಿದಾಗ ಈ ಕಾವಲು ಹೋಗುತ್ತದೆ. ಆಮೇಲೆ ಎಂಜಿನ್ ಚಾಲೂ ಆಗಲೆಂದು ವೈರುಗಳನ್ನು ನೇರ ಜೋಡಿಸಿಬಿಡುವುದುಂಟು. ಹಾಗೆ ಜೋಡಿಸಿದ ಗಾಡಿಯಲ್ಲಿ ಥ್ರಾಟಲ್ ಸಿಕ್ಕಿಕೊಂಡರೆ ತಡೆಯಲು ಉಳಿಯುವುದು ಸವಾರನ ಎಚ್ಚರ ಒಂದೇ. ಎಂಜಿನ್ ಆರಿಸುವ ಕೆಂಪು ಗುಂಡಿಯೂ ಸಾಮಾನ್ಯವಾಗಿ ಹೆಬ್ಬೆರಳಿಗೆ ಎಟುಕುವಂತೆ ಅದೇ ಡಬ್ಬಿಯ ಮೇಲೆ ಇರುತ್ತದೆ, ಅದಕ್ಕೂ ಹೊಸ ಜಾಗ ಹುಡುಕಬೇಕು. ಗ್ರಿಪ್ ಹೀಟರಿನ ವೈರುಗಳು ಗ್ರಿಪ್ಪಿನೊಂದಿಗೆ ಸುತ್ತುತ್ತ ಸವೆದು ತುಂಡಾಗದಂತೆ ಸಡಿಲ ಬಿಡಬೇಕು.

ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹೊಸ ಗಾಡಿಗಳಲ್ಲಿ ಕೇಬಲ್ಲೇ ಇರುವುದಿಲ್ಲ. ಲಿವರ್ ಎಷ್ಟು ಒತ್ತಿದೆ ಎಂಬುದನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಅದನ್ನು ಓದಿ ಮೋಟಾರಿನಿಂದ ಗಾಳಿಯ ಬಾಗಿಲು ತೆರೆಯುತ್ತದೆ. ಹೊಸಬರಿಗೆ ಮೆಲ್ಲಗೆ, ನುರಿತವರಿಗೆ ಚುರುಕಾಗಿ ಎಂದು ಬೇರೆ ಬೇರೆ ಮೋಡ್ ಕೊಡಲು ಸಾಧ್ಯವಾಗಿರುವುದು ಇದರಿಂದ. ಕೇಬಲ್‌ನ ಬಿಗಿತವಿಲ್ಲದ ಕಾರಣ ಲಿವರ್ ಹಗುರವಾಗಿರುತ್ತದೆ, ಆದ್ದರಿಂದ ಹೆಬ್ಬೆರಳ ದೂರು ಅರ್ಧಕ್ಕರ್ಧ ತೀರುತ್ತದೆ. ಇಂಥ ಗಾಡಿಯಲ್ಲಿ ತಯಾರಕರು ಕೊಟ್ಟದ್ದನ್ನು ಬಿಟ್ಟು ಬೇರೆ ಥ್ರಾಟಲ್ ಕೂಡಿಸಲು ಹೋಗದಿರುವುದೇ ಸರಿ.

ಯಾರಿಗೆ ಯಾವುದು ಹೊಂದುತ್ತದೆ

ಹೊಸಬರಿಗೆ, ಮಕ್ಕಳಿಗೆ, ಬೆಟ್ಟದ ಆಳಹಿಮದಲ್ಲಿ ಓಡಿಸುವವರಿಗೆ, ಹಿಮದ ಗುಡ್ಡೆಗಳ ಮೇಲೆ ಹಾರಿಸುವವರಿಗೆ ಥಂಬ್ ಥ್ರಾಟಲ್ ಬಿಟ್ಟು ಬೇರೆಯದನ್ನು ಹೇಳಲು ನನಗೆ ಕಾರಣ ಕಾಣುವುದಿಲ್ಲ. ಮಕ್ಕಳಿಗೆಂದೇ ಬರುವ 120 ಸಿಸಿಯ ಪುಟ್ಟ ಸ್ನೋಮೊಬೈಲ್‌ಗಳಲ್ಲಿಯೂ ಹೆಬ್ಬೆರಳ ಲಿವರೇ ಇರುತ್ತದೆ. ನುಣುಪಾದ ದಾರಿಯಲ್ಲಿ, ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಕೂತೇ ಒಂದೇ ವೇಗದಲ್ಲಿ ದೂರ ಸಾಗುವ, ಹೆಬ್ಬೆರಳ ಕೀಲು ಕೈಕೊಟ್ಟಿರುವ, ಆದರೆ ಮಣಿಕಟ್ಟು ಗಟ್ಟಿಯಾಗಿರುವ ಅನುಭವಿ ಸವಾರನಿಗೆ ಟ್ವಿಸ್ಟ್ ಅಥವಾ ಬೆರಳ ಲಿವರ್ ನಿಜವಾದ ಉಪಕಾರ ಮಾಡಬಹುದು. ಸುರಕ್ಷತೆಯ ಸ್ವಿಚ್ ಮತ್ತು ಆರಿಸುವ ಗುಂಡಿ ಎರಡೂ ಕೆಲಸ ಮಾಡುವಂತೆ ಬಲ್ಲವರಿಂದ ಜೋಡಿಸಿರಬೇಕು, ಅಷ್ಟೇ. ಬೈಕಿನ ಚಕ್ರ ತೆಗೆದು ಮುಂದೆ ಒಂದು ಸ್ಕೀ, ಹಿಂದೆ ರಬ್ಬರ್ ಪಟ್ಟಿ ಕೂಡಿಸಿದ ‘ಸ್ನೋ ಬೈಕ್’ಗಳಲ್ಲಿ ಟ್ವಿಸ್ಟ್ ಥ್ರಾಟಲ್ ಇರುತ್ತದೆ, ಅಲ್ಲಿ ಅದು ಸಲ್ಲುತ್ತದೆ ಕೂಡ. ಸವಾರ ಅಲ್ಲಿ ಬೈಕಿನ ಮೇಲಿನಂತೆಯೇ ಗಾಡಿಯನ್ನು ಮೊಣಕಾಲುಗಳಿಂದ ಅವುಚಿ ನಿಂತಿರುತ್ತಾನೆ, ಭಾರವನ್ನು ಕೈ ಹೊರಬೇಕಾಗಿಲ್ಲ.

ಬೈಕಿನ ರೂಢಿ ಇದೆ ಎಂಬುದೊಂದೇ ಕಾರಣಕ್ಕೆ ಟ್ವಿಸ್ಟ್ ಬೇಕೆನ್ನುವುದು ಮಾತ್ರ ದುರ್ಬಲ ವಾದ. ಗೆಳೆಯನ ಮಣಿಕಟ್ಟು ಗ್ರಿಪ್ ತಿರುಗಿಸಲು ಹೋದದ್ದು ಬೆಳಿಗ್ಗೆ ಮೊದಲ ಒಂದು ತಾಸು ಮಾತ್ರ. ಆಮೇಲೆ ಅವನ ಹೆಬ್ಬೆರಳು ತಾನಾಗಿ ಲಿವರ್ ಹುಡುಕುತ್ತಿತ್ತು. ರೂಢಿ ಒಂದು ದಿನದಲ್ಲಿ ಬದಲಾಗುತ್ತದೆ.

ಹತ್ತುವ ಮುಂಚಿನ ಎರಡು ನಿಮಿಷ

ಗುಲ್ಮಾರ್ಗ್‌ನಲ್ಲಾಗಲಿ ಮಿನೆಸೋಟದಲ್ಲಾಗಲಿ, ಬಾಡಿಗೆ ಗಾಡಿಯಲ್ಲಿ ಥ್ರಾಟಲ್ ಯಾವ ಬಗೆಯದು ಎಂದು ಆರಿಸುವ ಅವಕಾಶ ನಮಗಿರುವುದಿಲ್ಲ, ಅದು ಸರಿಯಾಗಿದೆಯೇ ಎಂದು ನೋಡುವ ಅವಕಾಶ ಖಂಡಿತ ಇದೆ. ಎಂಜಿನ್ ಚಾಲೂ ಮಾಡುವ ಮುಂಚೆ ಲಿವರನ್ನು ಪೂರ್ತಿ ಒತ್ತಿ ಬಿಡಬೇಕು. ಹ್ಯಾಂಡಲನ್ನು ಎಡತುದಿಗೆ ತಿರುಗಿಸಿ ಒಮ್ಮೆ, ಬಲತುದಿಗೆ ತಿರುಗಿಸಿ ಒಮ್ಮೆ ಇದನ್ನೇ ಮಾಡಬೇಕು, ಏಕೆಂದರೆ ಕೆಲವು ಕೇಬಲ್‌ಗಳು ಹ್ಯಾಂಡಲ್ ತಿರುಗಿದಾಗ ಮಾತ್ರ ಸಿಕ್ಕಿಕೊಳ್ಳುತ್ತವೆ. ಬಳಿಕ ಎಡಗೈ ಬ್ರೇಕನ್ನು ಹಿಡಿದು ಅದು ಗಟ್ಟಿಯಾಗಿದೆಯೇ ನೋಡಬೇಕು. ಗಾಡಿಯಿಂದ ಬಂದ ಎಳೆಯನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳಬೇಕು. ಸವಾರ ಬಿದ್ದರೆ ಆ ಎಳೆ ಕಿತ್ತು ಬಂದು ಎಂಜಿನ್ ಆರುತ್ತದೆ. ಊಟಕ್ಕೆಂದು ನಿಲ್ಲಿಸಿದಾಗ ಲಿವರಿನ ಸಂದಿಯಲ್ಲಿ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟುವುದುಂಟು, ಆದ್ದರಿಂದ ಪ್ರತಿ ಸಲ ಹತ್ತುವಾಗಲೂ ಇದನ್ನೇ ಮಾಡಬೇಕು. ಲಿವರ್ ನಿಧಾನವಾಗಿ ಮರಳಿದರೆ, ಅಥವಾ ಮರಳದೆ ನಡುವೆ ನಿಂತರೆ, ಇನ್ನೊಂದು ಗಾಡಿ ಕೊಡಿ ಎಂದು ಕೇಳಬೇಕು.